ಕುರ್ಚಿಗೆ ಹಾಕಿದ ಗಾಳ

ಈ ವಯಸ್ಸಿನಲ್ಲಿ ಒಬ್ಬ ಮನುಷ್ಯನಿಗೆ ಅಚ್ಚುಕಟ್ಟಾಗಿ ಮೋಸ ಮಾಡಬೇಕೆಂದು ನಾನು ತೀರ್ಮಾನಿಸಿದೆ. ಆ ಮನುಷ್ಯ ನನ್ನ ಗಂಡ. ಬೇರೆಯವರಿಗೆ ಮೋಸ ಮಾಡುವುದು ತಪ್ಪು, ಅಷ್ಟು ನನಗೂ ಗೊತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಿವಿ ಚುರುಕು. ಎದುರು ಮನೆಯಲ್ಲಿ ಸೂಜಿ ಬಿದ್ದರೆ ದಪ್ಪ ಸೂಜಿಯೋ ಸಣ್ಣ ಸೂಜಿಯೋ ಎಂದು ಇಲ್ಲಿಂದಲೇ ಹೇಳಬಲ್ಲೆ. ಮೋಸದ ವಿದ್ಯೆಯನ್ನೂ ಕಿವಿಯಲ್ಲೇ ಕಲಿತೆ. ಗುರು ನನ್ನ ಮೊಮ್ಮಗಳು. ಕಾಲೇಜಿನಿಂದ ಬಂದವಳು ಆರು ಗಂಟೆಗೆ ಸರಿಯಾಗಿ ಟಿವಿ ಹಾಕುತ್ತಾಳೆ.

"ಇಷ್ಟು ದೊಡ್ಡವಳಾಗಿ ಇನ್ನೂ ಬೊಂಬೆ ಚಿತ್ರ ನೋಡ್ತೀಯಲ್ಲೇ," ಅಂದೆ ಮೊದಲ ದಿನ.

"ಬೊಂಬೆ ಚಿತ್ರ ಅಲ್ಲ ಅಜ್ಜಿ, ಅನಿಮೆ. ದೊಡ್ಡವರೇ ನೋಡೋದು."

"ಸರಿ. ಅವರ ಕಣ್ಣು ಯಾಕೆ ತಟ್ಟೆ ಅಗಲ ಇದೆ?"

"ಅವರು ಮೋಸಗಾರರು. ನಾಲ್ಕೂ ಕಡೆ ನೋಡ್ತಾ ಇರಬೇಕಲ್ಲ."

ಆ ಉತ್ತರ ನನಗೆ ಹಿಡಿಸಿತು. ಕೂತೆ.

ಅದೊಂದು ಮೋಸಗಾರರ ಗುಂಪಿನ ಕಥೆ. ಒಂದೊಂದು ಕಂತಿಗೂ ಒಬ್ಬ ಮಿಕ ಸಿಗುತ್ತಾನೆ. ಅವನೊಬ್ಬನಿಗೋಸ್ಕರ ಇವರು ಇಡೀ ಆಸ್ಪತ್ರೆ ಕಟ್ಟುತ್ತಾರೆ, ಡಾಕ್ಟರು, ನರ್ಸು, ಕೆಮ್ಮುವ ರೋಗಿ ಎಲ್ಲ ಸುಳ್ಳು. ಒಬ್ಬನಿಗಂತೂ ಇಲ್ಲದ ದ್ವೀಪವನ್ನು ತೋರಿಸಿಯೇ ಮಾರಿದರು. ಮಾತೆಲ್ಲ ದೂರ ದೇಶದ ಭಾಷೆ. ಕೆಳಗೆ ಇಂಗ್ಲಿಷಿನ ಸಾಲು ಓಡುತ್ತದೆ. ಮೊಮ್ಮಗಳು ಅದನ್ನು ಕನ್ನಡದಲ್ಲಿ ಹೇಳುತ್ತಾಳೆ, ನಾನು ಕೇಳುತ್ತೇನೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ನಮ್ಮ ಯಜಮಾನರು ಪೇಪರನ್ನು ಮುಖದ ಮುಂದೆ ಹಿಡಿದು ಗೊರಕೆ ಹೊಡೆಯುತ್ತಾರೆ.

ಆರೂ ಇಪ್ಪತ್ತಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ. ಹತ್ತೇ ನಿಮಿಷ. ಹಾಗಾಗಿ ಯಾವ ಕಂತಿನದೂ ಕೊನೆಯ ಐದು ನಿಮಿಷ ನನಗೆ ಸಿಕ್ಕಿಲ್ಲ. ನಷ್ಟವೇನೂ ಅನ್ನಿಸಲಿಲ್ಲ. ಅಡುಗೆ ಮಾಡುವುದನ್ನು ನೋಡಿದ ಮೇಲೆ ಊಟ ಮಾಡುವುದನ್ನೂ ನೋಡಬೇಕೇ?

ಹತ್ತು ಕಂತು ಮುಗಿಯುವ ಹೊತ್ತಿಗೆ ನನ್ನ ಮಿಕ ಯಾರೆಂದು ನನಗೆ ಹೊಳೆದಿತ್ತು.

ವಿಷಯ ಆ ಕುರ್ಚಿಯದು. ನಮ್ಮ ಮನೆಗೆ ಬೆಳಕು ಬರುವುದು ಹಾಲಿನ ಒಂದೇ ಕಿಟಕಿಯಿಂದ. ಅಲ್ಲಿ ಮೂವತ್ತೈದು ವರ್ಷದಿಂದ ಒಂದು ರೆಕ್ಸಿನ್ ಕುರ್ಚಿ ಬೇರು ಬಿಟ್ಟಿದೆ. ಎಡಗಡೆಯ ಸ್ಪ್ರಿಂಗು ಹೊರಗೆ ಬಂದು ಹೋಗಿಬರುವವರ ಬಟ್ಟೆ ಹಿಡಿದು ಎಳೆಯುತ್ತದೆ. ನನ್ನ ಹೊಲಿಗೆ ಮಿಷನ್ನು ಇರುವುದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕತ್ತಲೆ ಓಣಿಯಲ್ಲಿ. ಬೀದಿಯವರ ಬಟ್ಟೆಯ ಉದ್ದ ಕಡಿಮೆ ಮಾಡಿ, ಅಗಲ ಜಾಸ್ತಿ ಮಾಡಿ ನಾಲ್ಕು ಮಕ್ಕಳನ್ನು ಬೆಳೆಸಿದ ಮಿಷನ್ನು ಅದು. ಈಗ ನನ್ನ ಕಣ್ಣು ಮಂಜಾಗಿದೆ. ಹೋದ ತಿಂಗಳು ಒಬ್ಬರ ಪ್ಯಾಂಟಿನ ಜೇಬಿನ ಬಾಯಿಯನ್ನೇ ಹೊಲಿದುಬಿಟ್ಟೆ. ಇನ್ನೆರಡು ಜೇಬು ಹೀಗೆ ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿದಂತೆ. ನನಗೆ ಕಿಟಕಿ ಬೇಕಿತ್ತು.

ನೇರವಾಗಿ ಕೇಳಿರಲಿಲ್ಲ ಅಂತಲ್ಲ.

"ರೀ, ಆ ಕುರ್ಚಿ ಆಚೆ ಹಾಕೋಣ."

"ಯಾವ ಕುರ್ಚಿ?"

"ನೀವು ಕೂತಿರೋದು."

"ಇದನ್ನ ಹೇಗೆ ಹಾಕೋದು? ನಾನು ಕೂತಿದೀನಲ್ಲ."

ಮಾತು ಅಲ್ಲಿಗೆ ಮುಗಿಯುತ್ತದೆ. ಪ್ರತಿ ಸಲವೂ ಅಲ್ಲಿಗೇ ಮುಗಿದಿದೆ.

ನಮ್ಮ ಯಜಮಾನರು ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿದವರು. ಟಿಕೆಟ್ ಇಲ್ಲದವನ ಮುಖ ಹಿಂದಿನ ಬಾಗಿಲಿಂದಲೇ ಗೊತ್ತಾಗುತ್ತೆ ಎಂದು ಈಗಲೂ ಹೇಳುತ್ತಾರೆ. ಅದೆಲ್ಲ ಬಸ್ಸಿನಲ್ಲಿ. ಮನೆಯಲ್ಲಿ ಅವರಿಗೆ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಗೊತ್ತಿಲ್ಲ. ಇಂಥವರಿಗೆ ಆಸ್ಪತ್ರೆ ಕಟ್ಟುವ ಅಗತ್ಯವಿಲ್ಲ, ಒಬ್ಬ ವೇಷದವನು ಸಾಕು ಅಂದುಕೊಂಡೆ.

ಮೊಮ್ಮಗಳಿಗೆ ವಿಷಯ ಹೇಳಿದೆ. ಅವಳು ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿದಳು.

"ತಾತನ್ನೇ?"

"ಅವರನ್ನೇ. ನೀನು ನನ್ನ ಕಡೆ ತಾನೇ?"

"ನಾನು ಯಾವತ್ತೂ ಕಥೆಯ ಕಡೆ ಅಜ್ಜಿ," ಅಂದಳು. ನಾನು ಅದನ್ನು ಹೂಂ ಅಂತಲೇ ತಿಳಿದೆ.

ವೇಷಕ್ಕೆ ಆರಿಸಿದ್ದು ಗುಂಡಿ ಅಂಗಡಿಯವರನ್ನು. ನಾನು ದಾರ, ಗುಂಡಿ, ಜಿಪ್ಪು ಎಲ್ಲ ತರುವುದು ಅವರಲ್ಲೇ. ನಮ್ಮ ಯಜಮಾನರು ಒಂದು ದಿನವೂ ಆ ಅಂಗಡಿ ಮೆಟ್ಟಿಲು ಹತ್ತಿದವರಲ್ಲ. ಗುಂಡಿ ಅಂಗಡಿಯವರು ತೀರಾ ಸಾಧು. ಇಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಎರಡು ವರ್ಷ ಹಾಕಿದ ಜಿಪ್ಪನ್ನು ವಾಪಸು ಕೊಟ್ಟರೂ ತೆಗೆದುಕೊಳ್ಳುತ್ತಾರೆ.

"ಅಮ್ಮಾ, ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ," ಅಂದರು.

"ಮೊನ್ನೆ ಕೆಂಪು ದಾರ ಕೊಟ್ಟು, ಬಣ್ಣ ಬಿಡಲ್ಲ ಅಂದಿರಿ."

"ಅದು ವ್ಯಾಪಾರ."

"ಇದನ್ನೂ ವ್ಯಾಪಾರ ಅಂತಲೇ ತಿಳ್ಕೊಳ್ಳಿ."

ಆಗಲಿ ಅಂದರು. ಅವರು ಯಾವುದಕ್ಕೂ ಹಾಗೇ ಅನ್ನುವುದು.

ಗುಂಡಿಯ ಡಬ್ಬಿಗಳ ನಡುವೆ ಮೂರು ದಿನ ಅಭ್ಯಾಸ ನಡೆಯಿತು. ಅವರು ಹಳೆಯ ಸಾಮಾನುಗಳ ಸಂಗ್ರಹಾಲಯದಿಂದ ಬರಬೇಕು. ಇಂಥ ಕುರ್ಚಿ ಈಗ ಎಲ್ಲೂ ಇಲ್ಲ, ಇದನ್ನು ಕೊಟ್ಟರೆ ಬದಲಿಗೆ ಹೊಸ ಮಡಚುವ ಕುರ್ಚಿ ಕೊಡುತ್ತೇವೆ ಅನ್ನಬೇಕು. ಅಷ್ಟೇ. ಮಡಚುವ ಕುರ್ಚಿ ಎಲ್ಲಿ ಬೇಕಾದರೂ ಹಿಡಿಸುತ್ತದೆ. ಮುಖ್ಯವಾಗಿ, ಮಡಚುತ್ತದೆ.

"ಅವರು ಇನ್ನೇನಾದರೂ ಕೇಳಿದರೆ?"

"ಏನು ಹೇಳಿದರೂ ಆಗಲಿ ಅನ್ನಿ. ತಲೆ ಹೋದರೂ ವೇಷ ಕಳಚಬೇಡಿ. ಆ ಗುಂಪಿನವರು ಪೊಲೀಸರ ಮುಂದೂ ಕಳಚಲ್ಲ."

ಸಂಗ್ರಹಾಲಯದವರಿಗೆ ಕೋಟು ಬೇಡವೇ? ನನ್ನ ಹತ್ತಿರ ಒಂದಿತ್ತು. ಯಾರೋ ತೋಳು ಗಿಡ್ಡ ಮಾಡಲು ಕೊಟ್ಟ ಕಪ್ಪು ಕೋಟು. ಶನಿವಾರ ಬೆಳಿಗ್ಗೆ ಅದನ್ನು ಹಾಕಿಕೊಂಡು ಆ ಕೋಟಿನವರು ಕೆಲಸದ ಸಂದರ್ಶನಕ್ಕೆ ಹೋಗಬೇಕು. ಇನ್ನೂ ಗುರುವಾರ. ಒಂದು ಗಂಟೆಯ ಮಟ್ಟಿಗೆ ಹಾಕಿಕೊಂಡರೆ ಕೋಟೇನೂ ಸವೆಯುವುದಿಲ್ಲ.

ಗುರುವಾರ ನಾಲ್ಕಕ್ಕೆ ಗುಂಡಿ ಅಂಗಡಿಯವರು ತಳ್ಳುಗಾಡಿ, ಹೊಸ ಕುರ್ಚಿ ಸಮೇತ ಬಂದರು. ಗಾಡಿಯನ್ನು ಹೊರಗೆ ನಿಲ್ಲಿಸಿ, ಒಳಗೆ ಬಂದು, ಉಸಿರು ತೆಗೆದುಕೊಳ್ಳದೆ ಪಾಠ ಒಪ್ಪಿಸಿದರು. ನಮ್ಮ ಯಜಮಾನರು ಪೇಪರು ಕೆಳಗಿಟ್ಟರು. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತೋಳಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಯಾವ ಸಂಗ್ರಹಾಲಯ?"

"ಆಗಲಿ," ಅಂದರು ಗುಂಡಿ ಅಂಗಡಿಯವರು.

"ದೊಡ್ಡದಂತೆ ರೀ," ಅಂದೆ ನಾನು.

"ನಿನಗೆ ಹೇಗೆ ಗೊತ್ತು?"

"ಕೋಟು ನೋಡಿದರೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ, ಗೊತ್ತಾಗುತ್ತೆ." ಕುರ್ಚಿಯ ಕೈಯನ್ನು ಮಗುವಿನ ತಲೆಯಂತೆ ಸವರಿದರು. "ಇಷ್ಟು ದಿನ ನನಗೇ ಇದರ ಬೆಲೆ ಗೊತ್ತಿರಲಿಲ್ಲ ನೋಡು. ಎಲ್ಲೂ ಇಲ್ಲದ ಕುರ್ಚಿ ಅಂದ ಮೇಲೆ ಕೊಡೋದು ಹೇಗೆ? ಇನ್ಮೇಲೆ ಇದನ್ನ ಯಾರೂ ಮುಟ್ಟಬಾರದು, ನಾನೊಬ್ಬನನ್ನ ಬಿಟ್ಟು."

ಅವರು ಇನ್ನೂ ಮುಗಿಸಿರಲಿಲ್ಲ.

"ಪಾಪ, ಅಷ್ಟು ದೂರದಿಂದ ಬಂದಿದೀರಿ. ಬರಿಗೈಯಲ್ಲಿ ಕಳಿಸಬಾರದು. ಒಳಗೊಂದು ಹೊಲಿಗೆ ಮಿಷನ್ನಿದೆ, ಇದಕ್ಕಿಂತ ಹಳೇದು. ಅದನ್ನ ತಗೊಂಡು ಹೋಗಿ."

ಗುಂಡಿ ಅಂಗಡಿಯವರು ನನ್ನ ಮುಖ ನೋಡಿದರು. ಬೇಡ, ಬೇಡ ಎಂದು ನಾನು ಕಣ್ಣಿನಲ್ಲೇ ಬಡಿದುಕೊಂಡೆ. ಒಪ್ಪಿಕೊಳ್ಳಿ ಎಂದು ಒತ್ತಾಯ ಮಾಡುತ್ತಿದ್ದೇನೆ ಅಂತ ಅವರು ತಿಳಿದರು.

"ಆಗಲಿ," ಅಂದರು.

"ರೀ, ಅದು ನನ್ನ ಮಿಷನ್ನು."

"ನಿನ್ನದೇ ಕಣೇ. ಕತ್ತಲೇಲಿ ಬಿದ್ದಿರೋ ಬದಲು ನಾಲ್ಕು ಜನ ನೋಡ್ಲಿ. ದೊಡ್ಡ ಸಂಗ್ರಹಾಲಯ ಅಂತ ನೀನೇ ಅಂದೆಯಲ್ಲ."

ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ವೇಷ ಕಳಚಬಾರದೆಂದು ಕಲಿಸಿದವಳೇ ನಾನು. ಮಿಷನ್ನಿನ ಒಂದು ಕಡೆ ಗುಂಡಿ ಅಂಗಡಿಯವರು ಹಿಡಿದರು, ಇನ್ನೊಂದು ಕಡೆ ಮೊಮ್ಮಗಳು ಹಿಡಿದಳು. ಕುರ್ಚಿಗೆಂದು ಬಂದ ಗಾಡಿಯಲ್ಲಿ ಮಿಷನ್ನು ಹೊರಟಿತು. ಕೋಟೂ ಹೊರಟಿತು. ಹೊಸ ಕುರ್ಚಿಯೂ ಬಂದ ದಾರಿಯಲ್ಲೇ ಹೊರಟಿತು. ನಮ್ಮ ಯಜಮಾನರು ಪೇಪರು ಎತ್ತಿಕೊಂಡರು.

"ಶನಿವಾರಕ್ಕೆ ಯಾರದೋ ಕೋಟು ಹೊಲಿದು ಕೊಡೋದಿತ್ತಲ್ಲ?" ಅಂದರು ಪೇಪರಿನ ಹಿಂದಿನಿಂದ.

"ಕೊಡ್ತೀನಿ," ಅಂದೆ.

ಶುಕ್ರವಾರ ಬೆಳಿಗ್ಗೆ ಬಟ್ಟೆ ಒಣಹಾಕಿ, ಗಲ್ಲಿಯಲ್ಲೇ ಬಿರಬಿರನೆ ನಡೆದು ಗುಂಡಿ ಅಂಗಡಿಗೆ ಹೋದೆ. ಮಿಷನ್ನು ಇರಲಿಲ್ಲ.

"ಈಗ ತಾನೇ ನಿಮ್ಮ ಯಜಮಾನರು ಬಂದು ತಗೊಂಡು ಹೋದರಲ್ಲಮ್ಮಾ. ಕೋಟೂ ಕೊಟ್ಟೆ."

"ಎಲ್ಲಿಗೆ ತಗೊಂಡು ಹೋದರು?"

"ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ಏನು ಹೇಳಿದರೂ ಆಗಲಿ ಅನ್ನಿ ಅಂತ ನೀವೇ ಹೇಳಿದ್ದಿರಿ. ಸಾಕು ಅಂತ ಯಾವಾಗ ಹೇಳಿದಿರಿ?"

ಅದು ನ್ಯಾಯವಾದ ಮಾತು. ಗುಜರಿಯವರ ಹತ್ತಿರವೆಲ್ಲ ಎರಡು ಗಂಟೆ ಸುತ್ತಿ ನೋಡಿದೆ, ಎಲ್ಲೂ ಇಲ್ಲ. ನಾಳೆ ಬೆಳಿಗ್ಗೆ ಒಬ್ಬ ಮನುಷ್ಯ ಅರೆಬರೆ ತೋಳಿನ ಕೋಟಿನಲ್ಲಿ ಸಂದರ್ಶನಕ್ಕೆ ಹೋಗುವುದು ಕಣ್ಣ ಮುಂದೆ ಬಂತು. ಮನೆಗೆ ವಾಪಸು ಬಂದೆ.

ಬಾಗಿಲು ತೆಗೆದರೆ, ಹಾಲಿನ ಕಿಟಕಿಯ ಕೆಳಗೆ ನನ್ನ ಮಿಷನ್ನು. ಒರೆಸಿ, ಎಣ್ಣೆ ಬಿಟ್ಟು, ಹೊಸ ಬೆಲ್ಟು ಹಾಕಿದ್ದಾರೆ. ಬೆಳಕು ಸೂಜಿಯ ಕಣ್ಣಿಗೇ ಬೀಳುತ್ತಿದೆ. ಕೋಟು ಅದರ ಮೇಲೆ ಮಡಚಿಟ್ಟಿದೆ. ಕುರ್ಚಿಯೂ ಪಕ್ಕದಲ್ಲೇ ಇದೆ, ಒಂದು ಮೊಳ ಆಚೆಗೆ. ಅದರಲ್ಲಿ ನಮ್ಮ ಯಜಮಾನರು. ಒಂದು ಮೊಳ ಸರಿಸಿದರೆ ಎರಡೂ ಹಿಡಿಸುತ್ತವೆ ಅನ್ನುವುದು ಮೂವತ್ತೈದು ವರ್ಷದಲ್ಲಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರು ಆಚೆ ಹಾಕಲ್ಲ ಅನ್ನುತ್ತಿದ್ದರು, ನಾನು ಆಚೆ ಹಾಕಿ ಅನ್ನುತ್ತಿದ್ದೆ.

"ಯಾವಾಗ ಗೊತ್ತಾಯ್ತು?" ಅಂದೆ.

"ಕೋಟಿನ ತೋಳಲ್ಲಿ ಬಿಳೀ ದಾರದ ಕಚ್ಚಾ ಹೊಲಿಗೆ ಇತ್ತು. ನಿನ್ನ ಹೊಲಿಗೆ ನನಗೆ ಗೊತ್ತಾಗಲ್ವೇನೇ?"

"ಗುಂಡಿ ಅಂಗಡಿ ಎಲ್ಲಿದೆ ಅಂತ ಹೇಗೆ ಗೊತ್ತಾಯ್ತು?"

"ಚೆಕಿಂಗಿನವರು ಅದನ್ನೆಲ್ಲ ಹೇಳಲ್ಲ." ಕುರ್ಚಿಯ ಸಂದಿಯಿಂದ ತಮ್ಮ ಹಳೆಯ ದಂಡದ ಪುಸ್ತಕ ತೆಗೆದರು. ಅದು ಇನ್ನೂ ಇದೆ ಎಂದೇ ನನಗೆ ತಿಳಿದಿರಲಿಲ್ಲ. ಕನ್ನಡಕ ಏರಿಸಿ, ಒಂದು ಚೀಟಿ ಬರೆದು, ಹರಿದು ಕೈಗೆ ಕೊಟ್ಟರು. ಅಕ್ಷರ ಕೂಡಿಸಿ ಓದಿದೆ. 'ಅಪರಾಧ: ಟಿಕೆಟ್ ಇಲ್ಲದೆ ಮೋಸ. ದಂಡ: ಹತ್ತೂ ಕಂತುಗಳ ಕೊನೆಯ ಐದು ನಿಮಿಷ ಕೂತು ನೋಡತಕ್ಕದ್ದು. ಅಲ್ಲಿಯವರೆಗೆ ನೀರು ಹಿಡಿಯುವುದು ನನ್ನ ಕೆಲಸ.'

"ಅಂದರೆ ನೀವು ಗೊರಕೆ ಹೊಡೆಯುತ್ತಾ..."

"ಪೇಪರಿನ ಮೇಲಿಂದ ಇಂಗ್ಲಿಷಿನ ಸಾಲು ಚೆನ್ನಾಗಿ ಕಾಣುತ್ತೆ. ಒಳ್ಳೇ ಕಥೆ. ನೀನು ಮಾತ್ರ ಯಾವತ್ತೂ ಕೊನೇ ಸ್ಟಾಪಿಗೆ ಮುಂಚೆಯೇ ಇಳಿದುಬಿಡ್ತೀಯ."

ಮಧ್ಯಾಹ್ನ ಕೋಟು ಹೊಲಿದು ಮುಗಿಸಿದೆ. ಬೆಳಕಿನಲ್ಲಿ ಹೊಲಿಗೆ ಇರುವೆ ಸಾಲಿನಂತೆ ಕೂತಿತು. ಜೇಬುಗಳನ್ನು ಎರಡೆರಡು ಸಲ ನೋಡಿದೆ, ಎಲ್ಲವೂ ತೆರೆದಿದ್ದವು.

ಆ ಸಂಜೆಯಿಂದಲೇ ದಂಡ ಕಟ್ಟಲು ಶುರು ಮಾಡಿದೆ. ಓಣಿಯಲ್ಲಿ ಅವರು ಬಕೆಟ್ಟಿನ ಜೊತೆ ಗುದ್ದಾಡುವುದು ಕೇಳಿಸುತ್ತಿತ್ತು. ಮೊಮ್ಮಗಳು ಹಳೆಯ ಕಂತುಗಳ ಕೊನೆಯನ್ನು ಒಂದೊಂದಾಗಿ ಹಾಕಿದಳು. ಮೊದಲನೆಯದರಲ್ಲಿ ಮೋಸ ಮಾಡಿದೆವೆಂದು ನಗುತ್ತಿದ್ದವರೇ ಮೋಸಹೋಗಿದ್ದರು. ಎರಡನೆಯದರಲ್ಲಿ, ಗುಂಪಿನಲ್ಲೇ ಇದ್ದ ಒಂದು ಹುಡುಗಿ, ಎಲ್ಲರಿಗೂ ಸಹಾಯ ಮಾಡುತ್ತಾ, ಸಾಮಾನಿನ ಇನ್ನೊಂದು ಕಡೆ ಹಿಡಿದುಕೊಂಡು ಓಡಾಡಿದವಳು, ಮೊದಲಿಂದಲೂ ಮಿಕದ ಕಡೆಯವಳಾಗಿದ್ದಳು.

ನಾನು ಪಕ್ಕಕ್ಕೆ ತಿರುಗಿದೆ. ಮೊಮ್ಮಗಳು ಟಿವಿಯಿಂದ ಕಣ್ಣು ತೆಗೆಯದೆ ಬಿಸ್ಕತ್ತು ತಿನ್ನುತ್ತಿದ್ದಳು.

"ಇದು ಎರಡನೇ ಕಂತಲ್ಲೇ ಇತ್ತಾ?"

"ಹೂಂ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದೆ ಅಜ್ಜಿ," ಅಂದಳು. "ನೀನು ನೀರು ಹಿಡಿಯೋಕೆ ಹೋಗಿದ್ದೆ. ತಾತ ಕೇಳಿಸ್ಕೊಂಡರು."