ತಾತನ ಬೈಗುಳ, ನನ್ನ ಮೆಷಿನ್ನು

ನಗೆಪಾಟಲು ನನ್ನನ್ನು ಹುಡುಕಿಕೊಂಡು ಬರುತ್ತದೆ, ಅದೂ ಯಾರೂ ನಗಬಾರದ ಜಾಗಗಳಲ್ಲೇ. ಈ ಸಲ ಆಕ್ಲೆಂಡಿನ ಬಿಡದ ಮಳೆಯಲ್ಲಿ ಹಿಲ್ಸ್‌ಬರೋದ ಒಂದು ವೃದ್ಧಾಶ್ರಮಕ್ಕೇ ಬಂತು. ಇದರಲ್ಲಿ ಮುಕ್ಕಾಲು ನಿಜ. ಉಳಿದ ಕಾಲು ಅದಕ್ಕಿಂತ ಚೆನ್ನಾಗಿದೆ.

೧. ಉದ್ಯೋಗ

ಹಿಂದೆ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಈ ನ್ಯೂಜಿಲೆಂಡಿಗೆ ಬಂದವರು ತಮ್ಮ ಸ್ಕಾಟ್ಸ್ ಮಾತನ್ನು ಕೈಗೆ ಬಂದ ಹಾಗೆ ಬರೆದಿಟ್ಟು ಸತ್ತಿದ್ದಾರೆ. ಪದ ಒಂದೇ, ಸ್ಪೆಲಿಂಗು ಒಬ್ಬೊಬ್ಬರದು ಒಂದೊಂದು. ಅವನ್ನೆಲ್ಲ ಹೊಂದಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದರೊಳಗೆ ಎರಡು ಲೆಕ್ಕ. ಒಂದು, ಎಷ್ಟು ಅಕ್ಷರ ಬದಲಿಸಿದರೆ ಈ ಪದ ಆ ಪದವಾಗುತ್ತದೆ ಅಂತ ಎಣಿಸುತ್ತದೆ. ಇನ್ನೊಂದು ಅಕ್ಷರದ ಗೊಡವೆ ಬಿಟ್ಟು ಸದ್ದನ್ನು ಮಾತ್ರ ಹೋಲಿಸುತ್ತದೆ. ಈ ಎರಡು ಲೆಕ್ಕಕ್ಕೂ ಜಗಳ ಬಿದ್ದರೆ ಆ ಭಾಷೆ ಬಲ್ಲ ಮನುಷ್ಯನೇ ತೀರ್ಪು ಕೊಡಬೇಕು. ಅಂಥವರು ಒಬ್ಬೊಬ್ಬರಾಗಿ ಮಣ್ಣು ಸೇರುತ್ತಿದ್ದರು.

ಬಾಟನಿ ಡೌನ್ಸ್ ಬಡಾವಣೆಯ ಒಂದು ನಾಮಕರಣದಲ್ಲಿ ಇದನ್ನೆಲ್ಲ ಒಬ್ಬ ಅಂಕಲ್‌ಗೆ ವಿವರಿಸಿದೆ. ಪಾಪ, ಕೊನೆತನಕ ಕೇಳಿ, ಏನಮ್ಮ ಇದು ಅಂತ ನನ್ನ ಹೆಂಡತಿಯನ್ನು ವಿಚಾರಿಸಿದರು.

"ಸತ್ತೋರ ಸ್ಪೆಲಿಂಗ್ ಮಿಸ್ಟೇಕ್ ಹುಡುಕ್ತಾರೆ ಅಂಕಲ್," ಅಂದಳು ಅವಳು, ಹೋಳಿಗೆ ಮುರಿಯುತ್ತಾ. "ಬದುಕಿರೋರು ಯಾರೂ ಇವರನ್ನ ಕೆಲಸಕ್ಕೆ ಕರೆಯಲ್ಲ."

೨. ತೀರ್ಪುಗಾರ

ನನ್ನ ಹೆಂಡತಿ ಹಿಲ್ಸ್‌ಬರೋದ ಆ ವೃದ್ಧಾಶ್ರಮದಲ್ಲಿ ನರ್ಸು. ಅಲ್ಲೊಬ್ಬ ತಾತ. ಹೆಂಡತಿ ತೀರಿಕೊಂಡ ಮೇಲೆ ಇಂಗ್ಲಿಷ್ ಬಿಟ್ಟುಬಿಟ್ಟಿದ್ದ. ಕಿಟಕಿಯಾಚೆಯ ಬೂದು ಸಮುದ್ರ ನೋಡಿಕೊಂಡು ದಿನವಿಡೀ ಏನೋ ಗೊಣಗುತ್ತಿದ್ದ. ಅದು ಸ್ಕಾಟ್ಸ್ ಇರಬೇಕು, ನಿಮ್ಮ ಕೆಲಸಕ್ಕೂ ಆಯ್ತು, ಅವನಿಗೂ ಜೊತೆಯಾಯ್ತು ಅಂತ ಹೆಂಡತಿ ನನ್ನನ್ನು ಕರೆದೊಯ್ದಳು.

ನನ್ನ ಮೆಷಿನ್ನಿಗೆ, ಅಂದರೆ ಲ್ಯಾಪ್‌ಟಾಪಿನೊಳಗಿನ ಆ ಪ್ರೋಗ್ರಾಮಿಗೆ, ಅನುಮಾನ ಬಂದ ಪದಗಳ ಜೋಡಿಗಳನ್ನು ಎರಡೂ ಒಂದೇನಾ ಅಂತ ಅವನಿಗೆ ಓದಿ ಹೇಳುತ್ತಿದ್ದೆ. ಹೂವು, ಹಕ್ಕಿ, ಹವೆಯ ಪದಗಳಿಗೆ ತಾತ ಕಲ್ಲಿನ ಹಾಗೆ ಕೂತಿರುತ್ತಿದ್ದ. ಬೈಗುಳ ಬಂತೋ, ಕಣ್ಣು ಹೊಳೆಯುತ್ತಿತ್ತು, ಹೌದು ಅನ್ನಲು "ಆಯ್" ಅನ್ನುತ್ತಿದ್ದ. ಒಂದು ಶನಿವಾರ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಪೆದ್ದ ಅನ್ನುವುದಕ್ಕೆ ಅವರ ಪದ 'ಗ್ಲೇಕಿಟ್'. ಅದರ ಪಕ್ಕ ನಮ್ಮ 'ಮಂಕುದಿಣ್ಣೆ' ಸೇರಿಸಿ, ಎರಡೂ ಒಂದೇನಾ ಅಂತ ಗಂಭೀರವಾಗಿ ಕೇಳಿದೆ.

ತಾತ ಆ ಪದವನ್ನು ಪೆಪ್ಪರ್‌ಮಿಂಟಿನ ಹಾಗೆ ಬಾಯಲ್ಲಿ ಹೊರಳಿಸಿದ. ನನ್ನನ್ನು ಅಡಿಯಿಂದ ಮುಡಿತನಕ ನೋಡಿ "ಆಯ್" ಅಂದ.

೩. ಪರೀಕ್ಷೆ

ಅಷ್ಟರಲ್ಲಿ ತಾತನಿಗೆ ಅರಳುಮರಳು ಅಂತ ಆಶ್ರಮದ ಮ್ಯಾನೇಜರಮ್ಮನಿಗೆ ಖಾತ್ರಿಯಾಗಿ, ಬೀಗ ಹಾಕುವ ಹಿಂದಿನ ವಾರ್ಡಿಗೆ ಸಾಗಿಸುವ ಮಾತು ಶುರುವಾಯಿತು. ಅಲ್ಲಿ ಕಿಟಕಿಯಾಚೆ ಬರೀ ಗೋಡೆ. ಹೆಂಡತಿ ಮಂಕಾದಳು. "ಆ ಕಡೆ ಹೋದೋರು ಗೊಣಗೋದನ್ನೂ ಬಿಡ್ತಾರೆ ಕಣ್ರೀ."

ತೀರ್ಮಾನಿಸಲು ಬಂದ ಡಾಕ್ಟರು ಹುಬ್ಬಳ್ಳಿಯವರು. ಇವತ್ತು ಯಾವ ವಾರ ಅಂತ ತಾತನನ್ನು ಕೇಳಿದರು. ಏನೋ ಗೊಣಗಿದ. ಇದು ಯಾವ ಊರು ಅಂದರು. ಮತ್ತೇನೋ ಗೊಣಗಿದ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ನಾನು ಕಿವಿಗೆ ಬಿದ್ದ ಹಾಗೆ ಟೈಪ್ ಮಾಡಿದೆ. ಮೆಷಿನ್ ಸದ್ದು ಹಿಡಿದು ಒಂದೊಂದನ್ನೂ ಹುಡುಕಿಕೊಟ್ಟಿತು: ಪೆದ್ದ, ಹಟಮಾರಿ, ಸಿಡುಕ.

ಪದ ಏನೋ ಖರೆ ಅದಾವ, ಆದರೆ ತಮ್ಮ ಪ್ರಶ್ನೆಗೆ ಉತ್ತರ ಅಲ್ಲವಲ್ಲ ಅಂತ ಡಾಕ್ಟರು ವಾರ್ಡು ಬದಲಿಸುವ ಕಾಗದಕ್ಕೆ ಪೆನ್ನು ತೆಗೆದರು. ಕೊನೆಗೆ ನನ್ನ ಕಡೆ ಕೈ ತೋರಿಸಿ, ಇವರು ಯಾರು ಅಂತ ಕೇಳಿದರು.

"ಮಂಕುದಿಣ್ಣೆ," ಅಂದ ತಾತ, ಒಂದಕ್ಷರ ತಪ್ಪದೆ.

ಮೆಷಿನ್ನಿಗೆ ಏನೂ ಸಿಗಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಇದಕ್ಕ ಮೆಷಿನ್ ಬ್ಯಾಡ್ರೀ. ಮನಶ್ಯಾನ್ನ ಇಷ್ಟು ಛಲೋ ಗುರುತು ಹಿಡೀತಾನಂದ್ರ, ತಲಿ ಪೂರ್ತಿ ಹೋಗಿಲ್ಲ."

೪. ಮಗಳು

ಒಂದು ಉತ್ತರದಿಂದ ಪಾಸು ಮಾಡಲಾಗದು, ತಾತನ ಮಗಳು ಬರಲಿ ಅಂದರು ಡಾಕ್ಟರು. ಅವಳು ಇರುವುದು ದಕ್ಷಿಣದಲ್ಲಿ, ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ. ವಿಮಾನ ಹಿಡಿದು, ಒದ್ದೆ ಜಾಕೆಟ್ಟಿನಲ್ಲೇ ಬಂದಳು. ನಿಮ್ಮ ತಂದೆ ದಿನವಿಡೀ ಯಾರನ್ನು ಬೈಯುತ್ತಾರೆ ಅಂತ ಡಾಕ್ಟರು ಕೇಳಿದರು.

ಅವಳು ನನ್ನ ಲ್ಯಾಪ್‌ಟಾಪಿನ ಪದಗಳನ್ನು ನೋಡಿ ಪಕ್ಕನೆ ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಅಪ್ಪ ಹುಟ್ಟಿದ್ದು ಇಲ್ಲೇ ಅಂತೆ, ಸ್ಕಾಟ್ಲೆಂಡ್ ಕಂಡೇ ಇಲ್ಲ. ಅಲ್ಲಿಯವಳು ಅಮ್ಮ. ಈ ಒಂದೊಂದು ಪದವೂ ಅಮ್ಮ ಅಪ್ಪನಿಗೆ ಬೈದದ್ದು.

"ಈಗ ಬೈಯೋಕೆ ಅಮ್ಮ ಇಲ್ಲ," ಅಂದಳು. "ಅದಕ್ಕೆ ತಾನೇ ಬೈದುಕೊಳ್ತಿದ್ದಾನೆ."

ತಾತ ಸಮುದ್ರ ನೋಡುತ್ತಾ "ಆಯ್" ಅಂದ.

ಡಾಕ್ಟರು ಕೋಣೆ ಬದಲಿಸುವುದು ಬೇಡ ಅಂತ ಬರೆದರು. ಹೊರಡುವಾಗ ನಮಗಷ್ಟೇ ಕೇಳುವ ಹಾಗೆ, "ಇದು ರೋಗ ಅಲ್ರೀ, ಸಂಸಾರ," ಅಂದರು.

ಕಾರಿನಲ್ಲಿ ಹೆಂಡತಿ ಮಂಜು ಕಟ್ಟಿದ ಕಿಟಕಿಯನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಕೇಳಿದಳು: "ನಾನು ಮೊದಲು ಹೋದ್ರೆ? ನಿಮಗೆ ಸಾಕಾಗೋಷ್ಟು ಬೈದಿದೀನಾ?"

"ಇಡೀ ವೃದ್ಧಾಶ್ರಮಕ್ಕೆ ಹಂಚಬಹುದು," ಅಂದೆ.

ಕಣ್ಣೊರೆಸಿಕೊಂಡು, ಆದ್ರೂ ಇರಲಿ ಅಂತ ಬೈಯಲು ಶುರು ಮಾಡಿದಳು. ನಾನು ಮನೆಗೆ ಸುತ್ತು ದಾರಿ ಹಿಡಿದೆ.