ಯಾವ ಐಸಿಯು ಒಳ್ಳೆಯದು?

ಮನುಷ್ಯರಿಗೆ ನಿದ್ದೆ ಬರಿಸುವುದಕ್ಕೂ ಓದಬೇಕು ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ನನ್ನ ಗಂಡ ಮುರಳಿ ತೈಲ ಕಂಪನಿಯಲ್ಲಿ ಎಂಜಿನಿಯರು. ಊಟಕ್ಕೆ ಕೂತಾಗ ಪೈಪುಗಳ ತುಕ್ಕಿನ ವಿಷಯ ತೆಗೆದರೆಂದರೆ, ಬಂದ ನೆಂಟರು ಮೊಸರನ್ನಕ್ಕೆ ಮೊದಲೇ ತೂಕಡಿಸುತ್ತಾರೆ. ಅದಕ್ಕೆ ಸೂಜಿಯೂ ಬೇಡ, ಡಿಗ್ರಿಯೂ ಬೇಡ. ಮಲಗಿಸಿ, ಉಸಿರು ಕಾದು, ಮತ್ತೆ ಎಬ್ಬಿಸುವುದಕ್ಕೆ ಮಾತ್ರ ವಿದ್ಯೆ ಬೇಕು. ಅದನ್ನು ಅರಿವಳಿಕೆ ಎನ್ನುತ್ತಾರೆ. ಈ ದೇಶದಲ್ಲಿ ನರ್ಸುಗಳೂ ಅದನ್ನು ಓದಿ ಕೆಲಸ ಮಾಡಬಹುದು. ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ, ಹ್ಯೂಸ್ಟನ್ನಿನ ಸಾಮಾನ್ಯ ವಾರ್ಡೊಂದರಲ್ಲಿ ಮಾತ್ರೆ ಹಂಚುತ್ತ ನಲವತ್ತರ ಹತ್ತಿರ ಬಂದಿದ್ದ ನನಗೆ ಅದನ್ನು ಓದಲೇಬೇಕೆಂಬ ಹುಚ್ಚು ಹಿಡಿಯಿತು. ಹುಚ್ಚು ಎಂದದ್ದು ನಾನಲ್ಲ, ನನ್ನ ಅತ್ತೆ.

ಆದರೆ ಆ ಶಾಲೆಗಳು ವಾರ್ಡಿನಿಂದ ನೇರವಾಗಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲು ಕನಿಷ್ಠ ಒಂದು ವರ್ಷ ಐಸಿಯುವಿನಲ್ಲಿ ದುಡಿದಿರಬೇಕು, ಪ್ರಾಣ ಹೋಗುವಂತಿರುವವರ ಪಕ್ಕದಲ್ಲಿ ನಿಂತು ಕೈ ನಡುಗದಿರುವುದನ್ನು ಕಲಿತಿರಬೇಕು. ನನ್ನ ಅದೃಷ್ಟಕ್ಕೆ ಮೂರು ಕಡೆಯಿಂದ ಕರೆ ಬಂತು. ಡಾಲಸ್ಸಿನ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಐಸಿಯು, ಹ್ಯೂಸ್ಟನ್ನಿನಲ್ಲೇ ಮಿದುಳಿನ ಐಸಿಯು, ಮತ್ತು ಆಸ್ಟಿನ್ನಿನ ಚಿಕ್ಕ ಆಸ್ಪತ್ರೆಯೊಂದರಲ್ಲಿ ಬಂದ ರೋಗಿಗಳನ್ನೆಲ್ಲ ಸೇರಿಸಿಕೊಳ್ಳುವ ಐಸಿಯು. ಇಂಥ ಸಂದರ್ಭದಲ್ಲಿ ಬೇರೆಯವರಾದರೆ ಮೂರೂ ಕಡೆ ಹೋಗಿ, ಒಂದೊಂದು ದಿನ ನಿಂತು, ನನ್ನ ಕೈಗೆ ಎಂಥ ರೋಗಿಗಳನ್ನು ಕೊಡುತ್ತೀರಿ ಎಂದು ವಿಚಾರಿಸಿ ಬರುತ್ತಾರೆ. ನಾವು ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡಿನ ಕನ್ನಡಿಗರು, ನಾಲ್ಕು ಜನರನ್ನು ಊಟಕ್ಕೆ ಕರೆಯುತ್ತೇವೆ.

ಭಾನುವಾರ ಬಿಸಿಬೇಳೆಬಾತ್ ಮಾಡಿದೆ. ಸಾಫ್ಟ್‌ವೇರಿನಿಂದ ನಿವೃತ್ತರಾದ ರಮೇಶ್ ಅಂಕಲ್ ಬಂದರು. ನಮ್ಮ ಬಡಾವಣೆಯಲ್ಲಿ ಯಾರ ಮಗ ಏನು ಓದಬೇಕೆಂದು ತೀರ್ಮಾನಿಸುವವರು ಅವರೇ. ಮೂರು ಐಸಿಯುಗಳ ಸಂಗತಿ ಕೇಳಿ, “ಯಾವುದಕ್ಕೆ ಕಾಂಪಿಟಿಷನ್ ಜಾಸ್ತಿ?” ಎಂದರು. ಹೃದಯದ್ದಕ್ಕೆ ಎಂದೆ. “ಮತ್ತೆ ಯೋಚನೆ ಏನಮ್ಮ? ಹಾರ್ಟ್ ಅಂದ್ರೆ ಕಂಪ್ಯೂಟರ್ ಸೈನ್ಸ್. ಬ್ರೇನ್ ಅಂದ್ರೆ ಎಲೆಕ್ಟ್ರಾನಿಕ್ಸ್. ಆ ಆಸ್ಟಿನ್‌ದು ಸಿವಿಲ್. ಕಂಪ್ಯೂಟರ್ ಸೈನ್ಸ್ ಸಿಕ್ತಿರುವಾಗ ಯಾರಾದ್ರೂ ಹೋಗಿ ಸಿವಿಲ್ ತಗೋತಾರಾ?”

ಧಾರವಾಡದ ಕುಲಕರ್ಣಿಯವರು ಸಿವಿಲ್ ಓದಿದವರು. ಅವರು ತಟ್ಟೆ ಕೆಳಗಿಟ್ಟರು. “ಸಿವಿಲ್ ಇರಲಿಲ್ಲಂದ್ರ ನಿಮ್ಮ ಕಂಪ್ಯೂಟರ್ ಎಲ್ಲಿ ಇಡ್ತಿದ್ರಿ? ಗಿಡದ ಮ್ಯಾಲ?” ಅಲ್ಲಿಂದ ಮಾತು ಎಂಜಿನಿಯರಿಂಗ್ ಸೀಟುಗಳ ಕಡೆ ಹರಿಯಿತು. ತಲೆ ನರೆತ ಗಂಡಸರೆಲ್ಲ ತಮ್ಮ ತಮ್ಮ ಪಿಯುಸಿ ಅಂಕಗಳನ್ನು ಒಪ್ಪಿಸಿದರು. ಕೈ ತೊಳೆಯುವ ಹೊತ್ತಿಗೆ ನನಗೆ ಹೃದಯ ಮಂಜೂರಾಗಿತ್ತು. ಬಂದವರಲ್ಲಿ ನಿಜವಾದ ಅರಿವಳಿಕೆ ವೈದ್ಯರೂ ಒಬ್ಬರಿದ್ದರು. ಡ್ಯೂಟಿಯಿಂದ ನೇರವಾಗಿ ಬಂದಿದ್ದ ಅವರು ಸೋಫಾದ ಮೇಲೆ ನಿದ್ದೆ ಹೋಗಿದ್ದರು. ಎಬ್ಬಿಸಿ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಡಾಲಸ್ಸಿಗೆ ಹೊರಟೆ. ಅದರ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಗೆಳತಿಯ ಮನೆಯ ಮಹಡಿ ಮೇಲೆ ಒಂದು ಕೋಣೆ ಹಿಡಿದೆ. ವಾರದಲ್ಲಿ ಮೂರು ದಿನ ಕೆಲಸ, ಮಿಕ್ಕ ದಿನ ಶುಗರ್ ಲ್ಯಾಂಡಿಗೆ ಡ್ರೈವ್ ಮಾಡಿಕೊಂಡು ಬಂದು ಫ್ರಿಜ್ಜಿಗೆ ಸಾರು ತುಂಬುವುದು. ಎಲ್ಲರಿಗೂ ನನ್ನ ಮೇಲೆ ಹೆಮ್ಮೆ. ಅತ್ತೆಯಂತೂ ಮೈಸೂರಿನಲ್ಲಿ ಎಲ್ಲರಿಗೂ ಫೋನ್ ಮಾಡಿ ಹೇಳಿದ ರಭಸಕ್ಕೆ ಇಬ್ಬರು ನನಗೆ ಆಪರೇಷನ್ ಯಾವಾಗ ಎಂದು ವಿಚಾರಿಸಿದರು.

ಆ ಐಸಿಯು ದೊಡ್ಡದೇ, ಸುಳ್ಳಲ್ಲ. ಆದರೆ ದೊಡ್ಡ ಕಡೆ ಸೀನಿಯರುಗಳೂ ಸಾಲಾಗಿರುತ್ತಾರೆ. ಎದೆ ಕೊಯ್ಸಿಕೊಂಡು ಆಗಷ್ಟೇ ಬಂದವರು ಅವರ ಪಾಲು. ಹುಷಾರಾಗಿ, ಮೇಲಿನ ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗಲೆಂದು ಕಾಯುವವರು ನನ್ನ ಪಾಲು. ಅವರನ್ನು ಕುರ್ಚಿಯಲ್ಲಿ ಕೂರಿಸಿದೆ, ಜೆಲ್ಲಿ ತಿನ್ನಿಸಿದೆ, ಟಿವಿ ರಿಮೋಟು ಹುಡುಕಿಕೊಟ್ಟೆ. ತಿಂಗಳುಗಳು ಹೀಗೇ ಕಳೆದಂತೆ ನನ್ನಲ್ಲೊಂದು ಕೆಟ್ಟ ಆಸೆ ಹುಟ್ಟಿತು. ಇವರಲ್ಲಿ ಒಬ್ಬರ ಬಿ.ಪಿ.ಯಾದರೂ ಸ್ವಲ್ಪ ಬೀಳಬಾರದೇ ಎನ್ನಿಸುತ್ತಿತ್ತು. ಅಪರೂಪಕ್ಕೆ ಬಿದ್ದಾಗ ಸೀನಿಯರ್ ಓಡಿಬಂದು ನನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು. ಆಸೆ ಮಾತ್ರ ಹೋಗಲಿಲ್ಲ.

ವರ್ಷ ತುಂಬಿದ ಮೇಲೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ, “ಕೈತಪ್ಪಿ ಹೋಗುತ್ತಿದ್ದ ನಿಮ್ಮ ರೋಗಿಯೊಬ್ಬರ ಬಗ್ಗೆ ಹೇಳಿ. ಆಗ ನೀವೇನು ಮಾಡಿದಿರಿ?” ಎಂದು ಕೇಳಿದರು. “ನನ್ನ ರೋಗಿಗಳೆಲ್ಲ ಚೆನ್ನಾಗಿಯೇ ಇದ್ದರು” ಎಂದೆ. ಅವರು ಸಂತೋಷಪಟ್ಟು ಕಳಿಸಿಕೊಟ್ಟರು. ಸೀಟು ಕೊಡಲಿಲ್ಲ.

ಆಸ್ಟಿನ್ನಿಗೆ ಫೋನ್ ಮಾಡಿದೆ. ಆ ಕೆಲಸ ಇನ್ನೂ ಖಾಲಿಯೇ ಇತ್ತು. “ಈಗ ಬುದ್ಧಿ ಬಂತ್ ನೋಡ್ರಿ” ಎಂದು ಕುಲಕರ್ಣಿಯವರು ನನ್ನ ಸೂಟ್‌ಕೇಸನ್ನು ತಾವೇ ಕಾರಿಗಿಟ್ಟರು. ಅಲ್ಲಿ ಸೀನಿಯರುಗಳು ಕಡಿಮೆ, ರೋಗಿಗಳು ಹೆಚ್ಚು. ಸೇರಿದ ಕೆಲವೇ ವಾರಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ದೊಡ್ಡ ಮೈಕಟ್ಟಿನವರೊಬ್ಬರು ನನ್ನ ಪಾಲಿಗೆ ಬಂದರು. ನ್ಯುಮೋನಿಯಾ, ಗಂಟಲಲ್ಲಿ ಕೊಳವೆ, ವೆಂಟಿಲೇಟರಿನಲ್ಲಿ ಉಸಿರು. ಒಂದು ಮಧ್ಯಾಹ್ನ ಯಂತ್ರ ಕೂಗಿಕೊಂಡಿತು, ಆಕ್ಸಿಜನ್ ಇಳಿಯತೊಡಗಿತು. ಕೊಳವೆಯಲ್ಲಿ ಕಫ ಕಟ್ಟಿಕೊಂಡಿದೆ ಎಂದು ಗುರುತಿಸಿದ್ದು ನಾನೇ. ಸಹಾಯಕ್ಕೆ ಕೂಗಿದೆ, ಅವರು ಬರುವಷ್ಟರಲ್ಲಿ ಕಫ ಎಳೆದು ತೆಗೆದೆ. ಅಂಕಿಗಳು ಮೇಲೇರಿದವು, ಮುಖಕ್ಕೆ ಬಣ್ಣ ಬಂತು. ಅವರ ಹೆಂಡತಿ ನನ್ನ ಕೈ ಹಿಡಿದು, “ನಿನ್ನನ್ನು ದೇವರೇ ಕಳಿಸಿದ್ದು ಕಣಮ್ಮ” ಎಂದು ಅತ್ತರು. ನಾನು ತಲೆಯಾಡಿಸುತ್ತ ಅವರ ಬೆನ್ನು ಸವರುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಇದನ್ನು ಸಂದರ್ಶನದಲ್ಲಿ ಯಂತ್ರ ಕೂಗಿದಲ್ಲಿಂದ ಶುರು ಮಾಡಲೋ, ಹೆಂಡತಿ ಅತ್ತಲ್ಲಿಂದಲೋ ಎಂದು ಲೆಕ್ಕ ಹಾಕುತ್ತಿದ್ದೆ.

ಯಂತ್ರ ಕೂಗಿದಲ್ಲಿಂದಲೇ ಎಂದು ತೀರ್ಮಾನವಾಯಿತು. ತಕ್ಷಣವೇ ಮತ್ತೆ ಅರ್ಜಿ ಹಾಕಿ, ಅವರು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಕರೆ ಬಂದೊಡನೆ ಒಂದು ವಾರ ರಜೆ ತೆಗೆದುಕೊಂಡು ಮನೆಯಲ್ಲಿ ಕೂತು ಅಭ್ಯಾಸ ಮಾಡಿದೆ. ಕನ್ನಡಿಯ ಮುಂದೆ ಹೇಳಿದೆ, ಕುಕ್ಕರಿನ ಮುಂದೆ ಹೇಳಿದೆ, ಮುರಳಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. ಎರಡನೆಯ ಸಲಕ್ಕೆ ಅವರು ಗೊರಕೆ ಹೊಡೆದರು.

ಸಂದರ್ಶನದಲ್ಲಿ ಒಂದು ತೊದಲೂ ಇಲ್ಲದೆ ಒಪ್ಪಿಸಿದೆ. ಎಲ್ಲರೂ ಮೆಚ್ಚಿ ತಲೆದೂಗಿದರು. ತುದಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು, “ಆಮೇಲೆ ಅವರು ಏನಾದರು?” ಎಂದು ಕೇಳಿದರು. ಪರೀಕ್ಷೆಗೆಂದು ಕೇಳಿದ್ದಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು. ನನ್ನ ಕಥೆ ಮುಖಕ್ಕೆ ಬಣ್ಣ ಬಂದಲ್ಲಿಗೇ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದೆ.

ಸೀಟೇನೋ ಸಿಕ್ಕಿತು, ಅದು ತಿಳಿದದ್ದು ಆಮೇಲೆ. ಅವತ್ತು ಹೊರಬಂದವಳೇ ಕಾರಿನಲ್ಲಿ ಕೂತು ಆಸ್ಟಿನ್ನಿಗೆ ಫೋನ್ ಮಾಡಿ, ಆ ಬಸ್ ಡ್ರೈವರ್ ಹೇಗಿದ್ದಾರೆ ಎಂದು ಸಹೋದ್ಯೋಗಿಯನ್ನು ಕೇಳಿದೆ. “ಮೊನ್ನೆಯೇ ಮನೆಗೆ ಹೋದರಲ್ಲ! ಹೊರಡುವ ಮುಂಚೆ ಹೆಂಡತಿಯ ಜೊತೆ ನಿನ್ನನ್ನು ನೋಡಲೆಂದೇ ವಾರ್ಡಿನಿಂದ ಇಲ್ಲಿಗೆ ನಡೆದುಕೊಂಡು ಬಂದಿದ್ದರು. ನಿನಗೆಂದು ಡೋನಟ್ ತಂದಿದ್ದರು, ನಾವು ತಿಂದೆವು. ಅಷ್ಟಕ್ಕೂ ನೀನು ಎಲ್ಲಿ ಹೋಗಿದ್ದೆ?” ಎಂದಳು.

ಅವರನ್ನೇ ಬಾಯಿಪಾಠ ಮಾಡುತ್ತ ಮನೆಯಲ್ಲಿ ಕೂತಿದ್ದೆ ಎನ್ನಲು ಬಾಯಿ ಬರಲಿಲ್ಲ. ಹುಷಾರಿರಲಿಲ್ಲ ಎಂದೆ.