ಎಚ್ಚೆಮ್ ಮೇಡಂ ಅವರ ಅರಳಿ ಮರಕ್ಕೆ ಬೇಸಿಗೆ ಕಳೆಸಿದ್ದು

ಮೇಷ್ಟ್ರ ಕೆಲಸದಲ್ಲಿ ಪಾಠ ಮಾಡುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ತಾನಾಗಿ ಬಂದು ಕೊರಳಿಗೆ ಬೀಳುತ್ತದೆ. ಜನಗಣತಿ, ಚುನಾವಣೆ, ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುವುದು, ಎಲ್ಲ ಮಾಡಿದ್ದೇನೆ. ಹೋದ ಬೇಸಿಗೆ ರಜೆಯಲ್ಲಿ ಒಂದು ಮರ ಬಂತು.

ನಾನು ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಎಚ್ಚೆಮ್ ಮೇಡಂ ಮಗಳ ಬಾಣಂತನಕ್ಕೆ ಡೆಲ್ಲಿಗೆ ಹೊರಟವರು ನನ್ನನ್ನು ಮನೆಗೆ ಕರೆಸಿ, ಒಂದು ಬೋನ್ಸಾಯ್ ಅರಳಿ ಮರ ಕೈಗಿಟ್ಟರು. ಗೇಣುದ್ದದ ಮರ, ತಟ್ಟೆಯಂಥ ಕುಂಡ. "ನನ್ನ ಮಗಳಿಗಿಂತ ದೊಡ್ಡದು ಇದು. ಮಧ್ಯಾಹ್ನದ ಬಿಸಿಲು ಮಾತ್ರ ತಾಕಿಸ್ಬೇಡಿ. ನೀವು ಸೈನ್ಸ್ ಅಲ್ವಾ, ನಿಮಗೆ ಹೇಳೋದೇನಿದೆ" ಅಂದರು.

ನಾನು ಮಾಡುವುದು ಫಿಸಿಕ್ಸು. ಆದರೂ ಕುಂಡ ಎತ್ತಿಕೊಂಡೆ.

ಹೆಲ್ಮೆಟ್

ಮೇಡಂ ಮನೆಯಿಂದ ಹೊರಟಾಗ ನೆತ್ತಿ ಸುಡುವ ಬಿಸಿಲು. ಕುಂಡವನ್ನು ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡೆ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಎಲೆಗಳು ಜೋಲುಬಿದ್ದ ಹಾಗೆ ಕಂಡವು. ಬೇರೆ ದಾರಿ ತೋಚದೆ ಹೆಲ್ಮೆಟ್ ತೆಗೆದು ಮರಕ್ಕೆ ಹಾಕಿದೆ. ಅಳತೆ ಸರಿಹೋಯಿತು.

ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು.

"ಏನ್ ಸಾರ್, ಹೆಲ್ಮೆಟ್ ಕಾಲಿಗ್ ಹಾಕ್ಕೊಂಡಿದೀರಾ?"

"ಕಾಲಿಗಲ್ಲ ಸಾರ್, ಮರಕ್ಕೆ."

ಅವರು ಬಗ್ಗಿ, ಹೆಲ್ಮೆಟ್ ಎತ್ತಿ, ಒಳಗೆ ನೋಡಿ, ಹಾಗೇ ಮುಚ್ಚಿದರು. "ಸರಿ. ಮರಕ್ಕೆ ಫೈನ್ ಇಲ್ಲ. ನೀವು ಮಾತ್ರ ಕಟ್ಟಿ" ಅಂದರು.

ಅತ್ತೆಯ ಪ್ರಶ್ನೆ

ನಮ್ಮತ್ತೆಯದು ಸಾಸಲು ಕಡೆ. ರಾಗಿ, ಅವರೆ ಬೆಳೆದು ಬಾಳಿದ ಜೀವ. ಮಗಳನ್ನು ನೋಡಲು ಬಂದವರು ಮರದ ಮುಂದೆ ಬಹಳ ಹೊತ್ತು ಕೂತಿದ್ದರು.

"ಇದ್ಯಾಕ್ ಹಿಂಗೈತೆ? ನೀರು ಗೊಬ್ರ ಹಾಕಿಲ್ವಾ?"

"ಅದು ಇರೋದೇ ಹಂಗೆ ಅತ್ತೆ. ಕೊಂಬೆ ಕತ್ತರಿಸಿ, ಬೇರು ಕತ್ತರಿಸಿ, ಬೇಕಂತಲೇ ಗಿಡ್ಡಕ್ಕೆ ಬೆಳೆಸಿರೋದು."

"ಯಾರು?"

"ನಮ್ಮ ಎಚ್ಚೆಮ್ ಮೇಡಂ."

ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡರು. "ಆಯಮ್ಮಂಗೆ ಮಕ್ಕಳವ್ರಾ?"

"ಒಬ್ಬಳೇ ಮಗಳು."

"ಆ ಮಗು ಎಷ್ಟುದ್ದ ಐತೆ?"

ಕೂಲರ್

ಬಿಸಿಲು ಏರುತ್ತಾ ಹೋಯಿತು. ಬಾಲ್ಕನಿಗೆ ಹಸಿರು ನೆಟ್ ಕಟ್ಟಿದೆ, ಕುಂಡಕ್ಕೆ ಒದ್ದೆ ಗೋಣಿಚೀಲ ಸುತ್ತಿದೆ. ಆದರೂ ಎಲೆಯ ಅಂಚು ಕಂದಿತು. ಕೊನೆಗೆ ಮರವನ್ನು ಒಳಗೆ ಹಾಲಿಗೆ ತಂದು ಕೂಲರನ್ನು ಅದರ ಕಡೆಗೇ ತಿರುಗಿಸಿದೆ. ಪಕ್ಕದ ಮನೆಯ ಮಗ್ಗದ ಯಜಮಾನರು ಬಂದು ಕೂತು, ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ, "ಮೇಷ್ಟ್ರೇ, ಕೂಲರ್ ಸ್ವಲ್ಪ ಈ ಕಡೆಗೆ..." ಅಂದರು.

ನನ್ನ ಹೆಂಡತಿ ಒಳಗಿಂದಲೇ ಹೇಳಿದಳು. "ಕೇಳ್ಬೇಡಿ ಅಣ್ಣ. ನಾನು ಮದುವೆಯಾಗಿ ಬಂದೋಳು, ನನಗೇ ಸಿಕ್ಕಿಲ್ಲ."

ಎರಡೇ ದಿನಕ್ಕೆ ಎಲೆಗಳು ಉದುರತೊಡಗಿದವು. ನನಗೆ ಊಟ ಸೇರಲಿಲ್ಲ. ಹೆದರುತ್ತಲೇ ಮೇಡಂಗೆ ಫೋನ್ ಮಾಡಿದೆ.

"ಕೂಲರ್ ಗಾಳಿಗಿಟ್ರಾ? ಒಣಗಿಹೋಗುತ್ತೆ ಮೇಷ್ಟ್ರೇ. ನೆರಳು, ತೇವ, ಒಂಚೂರು ಬೆಳಕು, ಅಷ್ಟೇ ಸಾಕು. ಅಂಥ ಜಾಗ ಮನೇಲಿ ಇಲ್ವಾ?"

ಇತ್ತು. ಒಂದೇ ಒಂದಿತ್ತು.

ಬಚ್ಚಲುಮನೆ

ಬಚ್ಚಲಿನ ಕಿಟಕಿ ಕೆಳಗೆ ಇಟ್ಟ ಮೇಲೆ ಮರ ಚೇತರಿಸಿಕೊಂಡಿತು. ಎಳೆಗೆಂಪು ಚಿಗುರು ಕಂಡ ದಿನ ಹೆಂಡತಿಯನ್ನು ಕರೆದು ತೋರಿಸಿದೆ. ಅವಳೂ ಸ್ವಲ್ಪ ನಕ್ಕಳು.

ಆಗ ಸರಿಯಾಗಿ ರಾಜಘಟ್ಟದಿಂದ ನನ್ನ ಸೋದರಮಾವ ಬಂದರು. ಸ್ನಾನಕ್ಕೆಂದು ಒಳಗೆ ಹೋದವರು ಹೋದ ಹಾಗೇ, ಪಂಚೆ ಬಿಗಿಯಾಗಿ ಹಿಡಿದುಕೊಂಡು ಹೊರಗೆ ಬಂದರು.

"ಲೇ, ಒಳಗೆ ಅಶ್ವತ್ಥ ನಾರಾಯಣ ಕೂತವ್ನಲ್ಲೋ. ಅವನ ಮುಂದೆ ಹೆಂಗೋ ಸ್ನಾನ ಮಾಡ್ಲಿ?"

"ಮಾವ, ನಾವೆಲ್ಲ ಮಾಡ್ತಾನೇ ಇದೀವಿ."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಮೊದಲಿಂದ್ಲೂ ಹಂಗೇ ಕಣೋ, ದೊಡ್ಡೋರು ಚಿಕ್ಕೋರು ಅನ್ನೋದಿಲ್ಲ."

ಸೋಮವಾರದ ಅಮಾವಾಸ್ಯೆ

ಮಾವನ ಮಾತಿಗೆ ಕಟ್ಟುಬಿದ್ದು ಮರವನ್ನು ಹಾಲಿನ ನಡುವೆ ಸ್ಟೂಲಿನ ಮೇಲಿಟ್ಟೆ. ಕುಂಡಕ್ಕೆ ಒದ್ದೆ ಟವೆಲ್ ಸುತ್ತಿದೆ. ಮಾವ ಸುಮ್ಮನಿರದೆ ಬೀದಿಯಲ್ಲೆಲ್ಲ ಹೇಳಿ ಬಂದಿದ್ದರು. ಮಾರನೆಯ ದಿನ ಸೋಮವಾರ, ಅಮಾವಾಸ್ಯೆ. ಅರಳಿ ಮರ ಸುತ್ತುವ ದಿನ. ಹಿಂದಿನ ಬೀದಿಯ ಅಜ್ಜಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು.

"ಅರಳಿ ಕಟ್ಟೆ ಹತ್ರ ಕಲ್ಲು ಕಾದು ಕೆಂಡ ಆಗೈತೆ ಮೇಷ್ಟ್ರೇ, ಕಾಲಿಡಕ್ಕಾಗಲ್ಲ. ಇಲ್ಲೇ ಸುತ್ತಿ ಹೋಗ್ತೀನಿ."

ಹೇಗೆ ಬೇಡ ಅನ್ನಲಿ. ಅಜ್ಜಿ ಶುರು ಮಾಡಿದರು. ದೊಡ್ಡ ಮರ ಸುತ್ತಿದ ಅಭ್ಯಾಸದ ಕಾಲು, ಅದೇ ವೇಗ. ಸ್ಟೂಲಿನ ಸುತ್ತಳತೆಯೋ ಎರಡು ಮೊಳದಷ್ಟು. ಹೋಗುತ್ತಾ ಹೋಗುತ್ತಾ ಅಜ್ಜಿ ಬುಗುರಿಯಂತಾದರು.

ಅಷ್ಟರಲ್ಲಿ ಡೆಲ್ಲಿಯಿಂದ ಮೇಡಂ ವಿಡಿಯೋ ಕಾಲ್. "ಮರ ತೋರಿಸಿ ಮೇಷ್ಟ್ರೇ." ಫೋನ್ ತಿರುಗಿಸಿದೆ. ಚಿಗುರು ಕಂಡು ಮೇಡಂ ಮುಖ ಅರಳಿತು. ಚಿಗುರಿನ ಹಿಂದೆ ಅಜ್ಜಿ ಒಂದು ಸಲ ಹಾದುಹೋದರು. ಮತ್ತೆ ಹಾದರು. ಮತ್ತೆ.

"ಯಾರದು? ಏನಾಗ್ತಿದೆ ಅಲ್ಲಿ?"

ಅಜ್ಜಿ ತಟಕ್ಕನೆ ನಿಂತು, ಗೋಡೆ ಹಿಡಿದು, ಕಣ್ಣರಳಿಸಿ ಮರವನ್ನೇ ನೋಡಿದರು. ಆಮೇಲೆ ಭಯಭಕ್ತಿಯಿಂದ ಎರಡೂ ಕೈ ಜೋಡಿಸಿದರು.

"ಮೇಷ್ಟ್ರೇ, ಸತ್ಯವಾದ ಮರ ಕಣಪ್ಪಾ ಇದು. ನಾನು ನಿಂತ್ಮೇಲೆ ಅದೇ ನನ್ನ ಸುತ್ತ ಬರ್ತಾ ಐತೆ."